ಭಾವುಸಾಹೇಬನಿಗೆ ಹೊದಿಸಿದ ನಾಲ್ಕು ಶಾಲು

ಜಗಳ ತೆಗೆಯಲು ಹೋದವನು ಒಂದೋ ಜಗಳ ಮಾಡಿ ಬರಬೇಕು, ಇಲ್ಲವೇ ನಾಲ್ಕು ಏಟು ತಿಂದಾದರೂ ಬರಬೇಕು. ಶಾಲು ಹೊದ್ದುಕೊಂಡು ಬರುವುದು ಯಾವ ಊರಿನ ಪದ್ಧತಿ ಸ್ವಾಮಿ? ನಮ್ಮೂರಿನ ಭಾವುಸಾಹೇಬ ಮಗದುಮ್ಮ ಎಂಬವನು ಊರ ಪಕ್ಕದ ಕಾರ್ಖಾನೆಯವರ ಮೇಲೆ ದೂರು ಹೇಳಲು ನಾಲ್ಕು ಸಲ ಹೋದ. ನಾಲ್ಕು ಸಲವೂ ಸತ್ಕಾರ ಮಾಡಿಸಿಕೊಂಡು ಬಂದ. ಇಂಥ ಹೋರಾಟಗಾರ ಇಡೀ ಕಾಗವಾಡ ತಾಲ್ಲೂಕಿನಲ್ಲಿ ಇನ್ನೊಬ್ಬ ಸಿಗಲಾರ.

ನಾನು ಜ್ಞಾನದೇವ. ಐನಾಪುರದ ಈಚೆಗೆ ನಮ್ಮೂರು, ಪಂಚಾಯಿತಿಯ ಎದುರಿಗೆ ನನ್ನ ಝೆರಾಕ್ಸ್ ಅಂಗಡಿ. ಜನರಿಗೆ ಅರ್ಜಿ ಬರೆದುಕೊಡುತ್ತೇನೆ. ಭಾವುಸಾಹೇಬನಿಗೂ ನನಗೂ ನಡುವೆ ಒಂದೇ ಗೋಡೆ, ಹಾಗಾಗಿ ಈ ಕಥೆಯಲ್ಲಿ ನಾನು ಕೇಳಿ ತಿಳಿದದ್ದಕ್ಕಿಂತ ಕಂಡದ್ದೇ ಹೆಚ್ಚು. ಕಂಪನಿಯ ಹೆಸರು ಮಾತ್ರ ಹೇಳುವುದಿಲ್ಲ. ಕೋರ್ಟಿಗೆ ಎಳೆದಾರು ಎಂಬ ಹೆದರಿಕೆ ನನಗಿಲ್ಲ; ಕರೆದು ನನಗೂ ಒಂದು ಶಾಲು ಹೊದಿಸಿಬಿಟ್ಟರೆ ಊರಿನಲ್ಲಿ ಮುಖ ತೋರಿಸುವುದು ಹೇಗೆ?

ಕಬ್ಬು ಅರೆದು ಸಕ್ಕರೆ ಮಾಡಿ, ಉಳಿದದ್ದರಲ್ಲಿ ಸ್ಪಿರಿಟ್ಟು ಕಾಯಿಸುವ ಕಂಪನಿ ಅದು. ಗೇಟಿನ ಮೇಲೆ ಕನ್ನಡ, ಮರಾಠಿ, ಇಂಗ್ಲಿಷು ಮೂರರಲ್ಲೂ ಬೋರ್ಡು ಇದೆ: 'ಈ ಕಾರ್ಖಾನೆಯಿಂದ ಒಂದು ಹನಿ ನೀರೂ ಹೊರಗೆ ಹೋಗುವುದಿಲ್ಲ.' ಬೋರ್ಡು ಮುಂದಿನ ಗೇಟಿನಲ್ಲಿ. ಹಿಂದಿನ ಗೋಡೆಯ ಬುಡದಲ್ಲಿ, ಜಾಲಿಕಂಟಿಯ ಮರೆಯಲ್ಲಿ, ಹಂಡೆಯ ಬಾಯಷ್ಟು ಅಗಲದ ಒಂದು ಪೈಪು ಇದೆ. ಕಪ್ಪು ನೀರು ಅದರಿಂದ ಹಗಲೂ ಇರುಳೂ ಹಳ್ಳಕ್ಕೆ ಬೀಳುತ್ತದೆ. ಆ ಪೈಪು ಊರಿಗೆಲ್ಲ ಗೊತ್ತು, ಕಂಪನಿಗೆ ಮಾತ್ರ ಗೊತ್ತಿಲ್ಲ.

ಹಾಗೆಂದು ಕಂಪನಿಯವರನ್ನು ಕೆಟ್ಟವರೆಂದರೆ ನನ್ನ ನಾಲಿಗೆ ಬಿದ್ದುಹೋದೀತು. ಸಮಾಜಸೇವೆಗೆಂದೇ ಅಲ್ಲಿ ಒಂದು ವಿಭಾಗವಿದೆ, ಅದಕ್ಕೆ ಎ.ಸಿ. ಕೋಣೆ ಇದೆ. ಸಾಲೆಯ ಗೋಡೆಗೆ ಬಣ್ಣ ಬಳಿಸಿದರು. ಬಸ್ಸು ನಿಲ್ಲದ ನಮ್ಮೂರಿಗೆ ಪೆಂಗ್ವಿನ್ ಆಕಾರದ ಆರು ಕಸದ ಡಬ್ಬಿ ಕೊಟ್ಟರು. 'ಕೈ ತೊಳೆಯುವ ದಿನ' ಆಚರಿಸಿ, ಮಕ್ಕಳಿಗೆ ಸಾಬೂನು ಹಂಚಿ, ಹಳ್ಳದ ನೀರಿನಲ್ಲೇ ಕೈ ತೊಳೆಸಿದರು. ತೊಳೆದ ಮೇಲೆ ಕೈ ಮೊದಲಿಗಿಂತ ಕಪ್ಪಾದವು. ಆ ಫೋಟೋವನ್ನು ಕಪ್ಪು ಬಿಳುಪಿನಲ್ಲಿ ಅಚ್ಚು ಹಾಕಿಸುವಷ್ಟು ಜಾಣತನವೂ ಅವರಿಗಿತ್ತು.

ಇನ್ನು ಭಾವುಸಾಹೇಬನ ತಾಯಿ ಪದ್ಮವ್ವ. ಎಪ್ಪತ್ತೆಂಟು ವರ್ಷದ ಜೈನ ಮುದುಕಿ, ವ್ರತಸ್ಥೆ. ತಮ್ಮ ಮನೆಯ ಬಾವಿಯ ನೀರನ್ನು ಎರಡು ಮಡಿಕೆಯ ಅರಿವೆಯಲ್ಲಿ ಸೋಸಿಯೇ ಕುಡಿಯಬೇಕು. ಸೋಸುವುದಷ್ಟೇ ಆದರೆ ಸುಲಭವಿತ್ತು. ಅರಿವೆಯಲ್ಲಿ ಉಳಿದ ಕಣ್ಣಿಗೆ ಕಾಣುವ, ಕಾಣದ ಜೀವಗಳನ್ನು ತಂಬಿಗೆಗೆ ಇಳಿಸಿ, ಯಾವ ಬಾವಿಯಿಂದ ಬಂದವೋ ಅದೇ ಬಾವಿಗೆ ಮೆಲ್ಲಗೆ ಮುಟ್ಟಿಸಬೇಕು. ಒಂದು ಬಾವಿಯ ಜೀವವನ್ನು ಇನ್ನೊಂದು ಬಾವಿಗೆ ಬಿಡುವಂತಿಲ್ಲ. ಅರವತ್ತು ವರ್ಷ ಆಕೆ ಇದನ್ನು ಒಂದು ದಿನವೂ ತಪ್ಪಿಸಿರಲಿಲ್ಲ.

ಹಳ್ಳದ ಕಪ್ಪು ನೀರು ಬಸಿದು ಬಸಿದು ಅವರ ಬಾವಿಗೆ ಇಳಿಯಿತು. ಒಂದು ಮುಂಜಾನೆ ಪದ್ಮವ್ವ ಸೋಸಿದ ಅರಿವೆಯನ್ನು ಬಿಸಿಲಿಗೆ ಹಿಡಿದು, ಚಸ್ಮಾ ಒರೆಸಿ ಒರೆಸಿ ನೋಡಿದಳು. ಕಂದು ಬಣ್ಣದ ಲೋಳೆಯೊಂದೇ ಇತ್ತು.

"ಭಾವೂ, ಇದರಾಗ ಒಂದ ಹುಳಾನೂ ಇಲ್ಲೋ! ಎಲ್ಲಾ ಸತ್ತ ಹೋಗ್ಯಾವ!" ಎಂದು ಆಕೆ ಬಾವಿಯ ಕಟ್ಟೆಯ ಮೇಲೆ ಕುಳಿತು ಅತ್ತುಬಿಟ್ಟಳು. ಹುಳಕ್ಕಾಗಿ ಅತ್ತವರನ್ನು ನಾನು ಅದೇ ಮೊದಲು ನೋಡಿದ್ದು, ನಗು ಬರಲಿಲ್ಲ.

ಅಂದಿನಿಂದ ಆ ನೀರು ಮುಟ್ಟಲಿಲ್ಲ. ಮಷೀನಿನ ನೀರು, ಬಾಟ್ಲಿ ನೀರು ವ್ರತಕ್ಕೆ ನಡೆಯದು. ಸೊಸೆ ಮಂಗಲ ನಸುಕಿನಲ್ಲೆದ್ದು, ಮಡಿಯುಟ್ಟು, ಒಂದೂವರೆ ಮೈಲು ದೂರದ ಬಸದಿಯ ಬಾವಿಯಿಂದ ಒಂದು ಕೊಡ ಹೊತ್ತು ತರಬೇಕು. ಮನೆಯ ಬಾವಿಯದಲ್ಲ ಎಂದು ಮುದುಕಿ ಅದರಲ್ಲೂ ದಿನಕ್ಕೆ ಎರಡೇ ಲೋಟ ಕುಡಿಯುತ್ತಿದ್ದಳು. ಬೇಸಿಗೆ ಬೇರೆ. ಹದಿನೈದು ದಿನಕ್ಕೆ ಕೈಯ ಬಳೆ ಮೊಣಕೈವರೆಗೆ ಜಾರತೊಡಗಿದವು.

"ಏನ್ರೀ, ಒಂದೋ ಬಾವಿ ಸ್ವಚ್ಛ ಆಗಬೇಕು, ಇಲ್ಲಾ ಅತ್ತೀನ್ನ ಭೋಜ ಊರಿಗೆ, ಅವರ ಮಗಳು ತ್ರಿಶಲಾನ ಮನೀಗೆ ಕಳಸ್ರಿ. ನನ್ನ ನಡಾ ಅಂತೂ ಮುರದ ಹೋತು," ಎಂದಳು ಮಂಗಲ.

"ಮಗಳ ಮನೀಗೆ ನಾ ಯಾಕ ಹೋಗ್ಲಿ? ನನ್ನ ಬಾವಿ ನೀರ ನನಗ ಬೇಕು," ಎಂದಳು ಪದ್ಮವ್ವ. ಆಮೇಲೆ ಲೋಳೆ ತುಂಬಿದ ತಂಬಿಗೆಯನ್ನು ಮಗನ ಕೈಗಿಟ್ಟಳು. "ಇದು ನಮ್ಮ ಬಾವೀದಲ್ಲ, ಆ ಕಾರಖಾನೀದು. ಎಲ್ಲಿಂದ ಬಂದೈತಿ ಅಲ್ಲೇ ಮುಟ್ಟಬೇಕು. ಹೋಗಿ ಕೊಟ್ಟ ಬಾ. ಮಂದೀ ಸಾಮಾನ ನಮ್ಮ ಮನ್ಯಾಗ ಇಟ್ಗೊಂಡ್ರ ಕಳವು ಮಾಡಿದಂಗ ಆಕ್ಕೈತಿ."

ಭಾವುಸಾಹೇಬ ಇಸ್ತ್ರಿ ಹಾಕಿದ ಅಂಗಿ, ಟೊಪ್ಪಿಗೆ ತೊಟ್ಟು ಹೊರಟ. ಮೋಟಾರ್ ಸೈಕಲ್ಲು ನನ್ನದು. ದಾರಿಯುದ್ದಕ್ಕೂ ಹಿಂದೆ ಕುಳಿತು ಅವನು ಕಂಪನಿಯವರನ್ನು ಬೈದ ಬೈಗುಳಕ್ಕೆ ಕಬ್ಬಿನ ಗದ್ದೆಗಳು ತಲೆಬಾಗಿದವು. ಆದರೆ ಅವನದೊಂದು ರೋಗವಿದೆ: ತನಗಿಂತ ಚೆನ್ನಾಗಿ ಇಸ್ತ್ರಿ ಹಾಕಿದ ಬಟ್ಟೆ ಕಂಡರೆ ಕೈಗಳು ತಾವಾಗಿಯೇ ಮುಗಿದುಕೊಳ್ಳುತ್ತವೆ. ಸಮಾಜಸೇವೆ ವಿಭಾಗದ ಕೊಲ್ಲಾಪುರದ ಪ್ರಾಜಕ್ತಾ ಮೇಡಂ ಎದುರಿಗೆ ಬಂದರು. ಬಟ್ಟೆ ಗರಿಗರಿ. ಕೈ ಮುಗಿದುಹೋಯಿತು.

"ನಮಸ್ಕಾರ್ರೀ ಮೇಡಂ, ತಪ್ಪ ತಿಳೀಬ್ಯಾಡ್ರಿ. ನಮ್ಮ ಅವ್ವ ಇದನ್ನ ಕಳಿಸ್ಯಾಳ್ರಿ. ನಿಮ್ಮದ ನಿಮಗ ಮುಟ್ಟಲಿ ಅಂತ ಹೇಳ್ಯಾಳ್ರಿ."

"ಅಯ್ಯಾ, ಆಜಿ ನಮ್ಮ ಸಲುವಾಗಿ ಕಳಿಸ್ಯಾರ? ಏನ್ರೀ ಇದು, ಕಾಕಾ?"

"ಬಾವಿ ನೀರ ಸೋಸಿದಾಗ ಬಂದದ್ದರಿ. ದಿನಾ ಮುಂಜಾನೆ ಮಡೀಲೆ ಸೋಸ್ತಾಳ್ರಿ."

"ಮಡೀಲೆ!" ಮೇಡಂ ಎದೆಯ ಮೇಲೆ ಕೈಯಿಟ್ಟುಕೊಂಡರು. "ಕಿತಿ ಛಾನ, ಎಷ್ಟ ಛಂದ! ಶುಭಮ, ಕ್ಯಾಮೆರಾ ತಗೊಂಡ ಬಾ ಲವಕರ, ಲಗೂನ!"

ನಾನು ಹಿಂದಿನಿಂದ ಪಕ್ಕೆಗೆ ತಿವಿದೆ. "ಹೊಲಸ ಅಂತ ಹೇಳಲೇ! ಬಾವಿ ಕೆಟ್ಟೈತಿ ಅಂತ ಹೇಳು!"

"ಹೇಳ್ತೇನ ತಡಿಯೋ, ಫೋಟೋ ಒಂದ ಆಗ್ಲಿ," ಎಂದು ಅವನು ಟೊಪ್ಪಿಗೆ ಸರಿಪಡಿಸಿಕೊಂಡ.

ಫೋಟೋ ಆಯಿತು, ತೆಂಗಿನಕಾಯಿ ಆಯಿತು, ಮೊದಲನೆಯ ಶಾಲು ಆಯಿತು. ಲೋಳೆಯ ತಂಬಿಗೆಯನ್ನು ಮೇಡಂ ಗಣಪತಿಯ ಪಕ್ಕದಲ್ಲಿಟ್ಟು ಹೂವೇರಿಸಿದರು. ಮನೆಗೆ ಬಂದ ಮೇಲೆ ಪದ್ಮವ್ವ "ಏನಂದ್ರೋ?" ಎಂದು ಕೇಳಿದ್ದಕ್ಕೆ ಭಾವುಸಾಹೇಬ, "ಭಾಳ ಸಂತೋಷ ಪಟ್ರವ್ವಾ," ಎಂದ. ಅದು ಸುಳ್ಳಂತೂ ಆಗಿರಲಿಲ್ಲ.

ಬಾಯಿಮಾತು ಬೇಡ, ಅರ್ಜಿಯೇ ಇರಲಿ ಎಂದು ಎರಡನೆಯ ಸಲ ನಾನು ಬರೆದುಕೊಟ್ಟೆ. ಇಲ್ಲಿ ತಪ್ಪು ನನ್ನದೇ, ಒಪ್ಪಿಕೊಳ್ಳುತ್ತೇನೆ. ಇಪ್ಪತ್ತು ವರ್ಷ ಸರಕಾರಿ ಕಚೇರಿಗೆ ಅರ್ಜಿ ಬರೆದ ಕೈ ಇದು. ಘನ ಸನ್ನಿಧಾನ, ದಯಾಳುಗಳು, ಪಾದಾರವಿಂದ ಎಂದೆಲ್ಲ ಒಂದು ಹಾಳೆ ತುಂಬದೆ ವಿಷಯಕ್ಕೆ ಬರಲೊಲ್ಲದು. ಬಾವಿಯ ಮಾತು ಎರಡನೆಯ ಹಾಳೆಯಲ್ಲಿತ್ತು. ಭಾವುಸಾಹೇಬ ಮೊದಲ ಹಾಳೆ ಓದಿ ಮುಗಿಸುವಷ್ಟರಲ್ಲಿ ಮ್ಯಾನೇಜರ ಸಾಹೇಬರ ಕಣ್ಣಲ್ಲಿ ನೀರಾಡಿತು, ಎರಡನೆಯ ಶಾಲು ಬಂತು. ಆ ಹಾಳೆಗೆ ಕಟ್ಟು ಹಾಕಿಸಿ ಆಫೀಸಿನ ಗೋಡೆಗೆ ತೂಗುಹಾಕಿದರು. ಎರಡನೆಯ ಹಾಳೆ ಏನಾಯಿತೋ ಆ ಗಣಪತಿಗೇ ಗೊತ್ತು.

ಆಮೇಲೆ ಕಂಪನಿಗೆ ಹುರುಪು ಹತ್ತಿತು. 'ಗ್ರಾಮ ಜಲ ಕೃತಜ್ಞತಾ ಅಭಿಯಾನ' ಎಂದು ಡಂಗುರ ಸಾರಿದರು. ಬಾವಿಯ ನೀರು ಸೋಸಿ ಬಂದದ್ದನ್ನು ಒಂದು ತಂಬಿಗೆ ತಂದು ಕೊಟ್ಟವರಿಗೆ ಕಂಪನಿಯ ಹೆಸರು ಕೊರೆದ ಸ್ಟೀಲಿನ ಊಟದ ಡಬ್ಬಿ ಪುಕ್ಕಟೆ!

ನಮ್ಮೂರ ಮಂದಿ ಅರ್ಧ ತಾಸಿನಲ್ಲಿ ಭಕ್ತರಾದರು. ಅರಿವೆಯ ಗೊಡವೆಗೇ ಹೋಗದವರು ಹೆಂಡತಿಯ ಹೊಸ ಸೀರೆ ಹರಿದು ನೀರು ಸೋಸಿದರು. ಹಳ್ಳದಿಂದ ದೂರವಿದ್ದ ಮನೆಗಳವರ ಪಾಡು ಮಾತ್ರ ನೋಡಲಾಗದು. ಮೇಲಿನ ಓಣಿಯ ಜನಾಬಾಯಿ ನನ್ನ ಅಂಗಡಿಗೆ ಬಂದು ಮೂಗು ಒರೆಸಿಕೊಂಡಳು.

"ನಮ್ಮ ಬಾವಿ ನೀರ ಸ್ವಚ್ಛ ಐತ್ರಿ ಅಣ್ಣಾರ. ಎಷ್ಟ ಸೋಸಿದ್ರೂ ಏನೂ ಬರವಲ್ದು. ನಮ್ಮ ನಸೀಬದಾಗ ಡಬ್ಬಿ ಇಲ್ಲ ಬಿಡ್ರಿ."

ಅಂಥ ನತದೃಷ್ಟರೆಲ್ಲ ಭಾವುಸಾಹೇಬನ ಬಾವಿಗೆ ಪಾಳಿ ಹಚ್ಚಿದರು. ಪಂಚಾಯಿತಿ ಮೆಂಬರ ಸುಜಯ ಪಾಳಿ ಸರಿಪಡಿಸಲು ನಿಂತ. ನಾನು, "ಸುಜಯ, ಬಾವಿ ಸ್ವಚ್ಛ ಮಾಡಸ್ರಿ ಅಂತ ಪಂಚಾಯ್ತಿಯಿಂದ ಒಂದ ಠರಾವು ಮಾಡೋ," ಎಂದರೆ, ಅವನು ನನ್ನನ್ನು ಬದಿಗೆ ಎಳೆದ.

"ಹುಚ್ಚ ಹಿಡದೈತೇನೋ ನಿನಗ? ನೀರ ಸ್ವಚ್ಛ ಆದ್ರ ಡಬ್ಬಿ ಯಾರ ಕೊಡತಾರ? ಮುಂದಿನ ತಿಂಗಳ ಕುಕ್ಕರ್ ಕೊಡ್ತೇವಿ ಅಂದಾರ!"

ಇದನ್ನೆಲ್ಲ ನಿಲ್ಲಿಸಿರೆಂದು ಹೇಳಲು ಮೂರನೆಯ ಸಲ ಹೋದ ಭಾವುಸಾಹೇಬನಿಗೆ, ಈ ಮಹತ್ಕಾರ್ಯದ ಮೂಲಪುರುಷನೆಂದು ಮೂರನೆಯ ಶಾಲು. ಅವನು ಅದನ್ನು ಹೊದ್ದು ಮನೆಗೆ ಬಂದಾಗ ಅಂಗಳದಲ್ಲಿ ಡಬ್ಬಿಯ ಪಾಳಿ, ಪಡಸಾಲೆಯಲ್ಲಿ ಮಂಗಲ ಕಾಲು ಚಾಚಿ ಕುಳಿತಿದ್ದಳು. ಬಸದಿಯ ದಾರಿಯಲ್ಲಿ ಜಾರಿ ಬಿದ್ದು ಕೊಡ ಉರುಳಿತ್ತು, ಪಾದ ಬಾತಿತ್ತು. ಪದ್ಮವ್ವನ ಬಾಯಿಗೆ ಮುಂಜಾನೆಯಿಂದ ಒಂದು ಹನಿ ಬಿದ್ದಿರಲಿಲ್ಲ. ತುಟಿ ಒಣಗಿ ಬಿರಿದಿದ್ದವು.

"ಅವ್ವಾ, ಒಂದ ಗುಟುಕ ಬಾಟ್ಲಿ ನೀರ ಕುಡಿ ಬೇ. ನಿನ್ನ ಕಾಲ ಬೀಳ್ತೇನಿ."

ಮುದುಕಿ ಗೋಡೆಗೆ ಮುಖ ಮಾಡಿ ಮಲಗಿದಳು. ಭಾವುಸಾಹೇಬ ಹೆಗಲ ಮೇಲಿನ ಶಾಲನ್ನು ಕಿತ್ತು ಮೂಲೆಗೆ ಎಸೆದ. ಅವನು ಎದ್ದ. "ಜ್ಞಾನು, ಗಾಡಿ ತಗಿ. ಇವತ್ತ ಮೇಡಂಗ ಕೈ ಮುಗದ್ರ ನನ್ನ ಹೆಸರ ಭಾವುಸಾಹೇಬ ಅಲ್ಲ."

ನಿಜವಾಗಿಯೂ ಮುಗಿಯಲಿಲ್ಲ. ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಎ.ಸಿ. ಕೋಣೆ ಅದುರುವಂತೆ ಕೂಗಿದ. "ನಮ್ಮ ಅವ್ವ ನೀರ ಬಿಟ್ಟಾಳ್ರೀ! ನಿಮ್ಮ ಕಂಪನಿ ಸಲುವಾಗಿ ನೀರ ಬಿಟ್ಟಾಳ್ರೀ!"

ಭೇಷ್ ಎಂದುಕೊಂಡೆ. ಮೇಡಂ ಎದ್ದು ನಿಂತರು, ಕಣ್ಣು ತೇವವಾದವು.

"ಆಜಿ ಉಪಾಸ ಹಿಡದಾರ? ನಮ್ಮ ಕಂಪನಿ ಉದ್ಧಾರ ಆಗ್ಲಿ ಅಂತ? ಈ ವಯಸ್ಸಿನ್ಯಾಗ?"

ನಾಲ್ಕನೆಯ ಶಾಲು ಪದ್ಮವ್ವನ ಹೆಸರಿಗೆ, ಹೊದಿಸಿದ್ದು ಇವನ ಹೆಗಲಿಗೆ. ಅದರ ಜೊತೆ ಒಂದು ಬಣ್ಣದ ಕರಪತ್ರ. ರವಿವಾರ ಮುಂಬಯಿಯಿಂದ ಚೇರ್ಮನ್ ಸಾಹೇಬರೇ ಬರುತ್ತಾರೆ, ಕಾರ್ಖಾನೆಯ ಹುಲ್ಲುಹಾಸಿನ ಮೇಲೆ ಸಮಾರಂಭ, ಭಾವುಸಾಹೇಬ ಮಗದುಮ್ಮ ಅವರಿಗೆ 'ಜಲಮಿತ್ರ' ಪ್ರಶಸ್ತಿ. ಹೊರಗೆ ಬಂದಾಗ ಮೋಟಾರ್ ಸೈಕಲ್ಲನ್ನು ಒದೆಯಬೇಕೋ ಇವನನ್ನು ಒದೆಯಬೇಕೋ ನನಗೆ ತಿಳಿಯದಾಯಿತು.

ಹಿಂದಿನ ಬಾಗಿಲಿನಿಂದ ಬರುವಾಗ ಇನ್ನೊಂದು ಕಂಡೆವು. ಊರವರು ತಂದ ತಂಬಿಗೆಗಳನ್ನು ಸಿಪಾಯಿಯೊಬ್ಬ ಒಂದೊಂದಾಗಿ ಮೋರಿಗೆ ಸುರಿಯುತ್ತಿದ್ದ. ಮೋರಿ ಆ ಪೈಪಿಗೆ, ಪೈಪು ಹಳ್ಳಕ್ಕೆ, ಹಳ್ಳ ಬಾವಿಗೆ. ಭಾವುಸಾಹೇಬನ ಬಾವಿಯಿಂದ ಊರವರು ಹೊತ್ತು ತಂದದ್ದೆಲ್ಲ ಅವನಿಗಿಂತ ಮೊದಲೇ ಮನೆ ಸೇರುತ್ತಿತ್ತು.

ಮಂಗಲಳ ಕಾಲು ಬಾತಿದ್ದರಿಂದ ಬಸದಿಯ ನೀರನ್ನು ಈಗ ಭಾವುಸಾಹೇಬನೇ ಹೊತ್ತು ತರುತ್ತಿದ್ದ. ಶನಿವಾರ ಸಂಜೆ ಅವನು ತಾಯಿಯ ಪಕ್ಕ ಕುಳಿತು ಕರಪತ್ರ ಓದಿ ಹೇಳಿದ. ಕೊನೆಯ ಸಾಲು ದಪ್ಪ ಅಕ್ಷರದಲ್ಲಿತ್ತು: 'ನೀರು ಎಲ್ಲಿಂದ ಬರುತ್ತದೆಯೋ ಅಲ್ಲಿಯೇ ಅದನ್ನು ಶುದ್ಧಗೊಳಿಸೋಣ. ಇದು ಪ್ರತಿಯೊಬ್ಬ ಗ್ರಾಮಸ್ಥನ ಕರ್ತವ್ಯ.'

ಪದ್ಮವ್ವ ಮೆಲ್ಲಗೆ ಎದ್ದು ಕುಳಿತಳು. "ಇನ್ನೊಮ್ಮಿ ಓದು." ಅವನು ಓದಿದ. "ಬರೋಬ್ಬರಿ ಬರದಾರ. ನಾವ ಬಾವ್ಯಾಗ ಬಂದ ಮ್ಯಾಲ ಸೋಸಾಕತ್ತೇವಿ, ಅದ ತಪ್ಪು. ಅದು ಬರೂ ಕಡೆನ ಸೋಸಬೇಕು. ಅವರ ಹೇಳ್ಯಾರಲ್ಲ ಮತ್ತ, ಆ ಪೈಪಿಗೆ ಅರಿವಿ ಕಟ್ಟ ಬಾ."

ಇಲ್ಲಿ ಒಂದು ಮಾತು ಪ್ರಮಾಣ ಮಾಡಿ ಹೇಳುತ್ತೇನೆ. ಭಾವುಸಾಹೇಬನ ಮನಸ್ಸಿನಲ್ಲಿ ಎಳ್ಳಷ್ಟೂ ಕಪಟವಿರಲಿಲ್ಲ. ಕಂಪನಿಯ ಅಭಿಯಾನದ ಕೆಲಸ, ಜಲಮಿತ್ರನಾದವನು ಮಾಡದಿದ್ದರೆ ಹೇಗೆ ಎಂದೇ ಅವನು ನಂಬಿದ್ದ. ರವಿವಾರ ಮುಂಜಾನೆ ಪಂಜೆ ಮೇಲೆ ಕಟ್ಟಿ ಹಳ್ಳಕ್ಕಿಳಿದು, ಪದ್ಮವ್ವನ ಸೋಸುವ ಅರಿವೆಯನ್ನು ಪೈಪಿನ ಬಾಯಿಗೆ ಕಟ್ಟಿದ. ಎರಡು ಉಸಿರಿಗೆ ಹರಿದುಹೋಯಿತು. ನಾನು ದಂಡೆಯ ಮೇಲೆ ಮೂಗು ಹಿಡಿದು ನಿಂತಿದ್ದೆ. ಮಂಗಲ ಕುಂಟುತ್ತ ಬಂದಳು, ಬಗಲಲ್ಲಿ ನಾಲ್ಕೂ ಶಾಲು.

"ತಗೋರಿ, ಇವನ್ನ ಕಟ್ರಿ. ಮನ್ಯಾಗ ಇಟ್ಟ ಏನ ಪೂಜಾ ಮಾಡೂದೈತಿ?"

ಏನು ಶಾಲು ಅವು! ಕಂಪನಿಯವರು ಅಗ್ಗದ್ದೆಂದು ತಂದ ನೈಲಾನಿನ ದಪ್ಪ ಮಾಲು, ಬೇಸಿಗೆಯಲ್ಲಿ ಹೊದ್ದರೆ ಬೆವರು ಕೂಡ ಹೊರಗೆ ಬರದು. ನಾಲ್ಕು ಮಡಿಕೆ ಹಾಕಿ, ತೊಟ್ಟಿಲ ಹಗ್ಗದಿಂದ ಏಳು ಸುತ್ತು ಬಿಗಿದ. ಲೋಳೆ ಮೆತ್ತಿಕೊಂಡಿತು, ಧಾರೆ ಎಳೆಯಾಯಿತು, ಎಳೆ ಹನಿಯಾಯಿತು, ಹನಿಯೂ ನಿಂತಿತು. ಗೇಟಿನ ಬೋರ್ಡಿನಲ್ಲಿ ಬರೆದದ್ದು ಅಂದು ಮೊದಲ ಸಲ ನಿಜವಾಯಿತು. ಭಾವುಸಾಹೇಬ ಸಾಬೂನು ಹಚ್ಚಿ ಮೈ ತೊಳೆದು, ಟೊಪ್ಪಿಗೆ ಇಟ್ಟುಕೊಂಡು ಪ್ರಶಸ್ತಿ ತೆಗೆದುಕೊಳ್ಳಲು ಹೋದ.

ಹನ್ನೊಂದಕ್ಕೆ ಸಭೆ ಶುರು. ಮಂಟಪ, ಸೋಫಾ, ಸಾಲಾಗಿ ಪೆಂಗ್ವಿನ್ ಡಬ್ಬಿಗಳು. ಬಂದೋಬಸ್ತಿಗೆ ಪೊಲೀಸ್ ಫೌಜದಾರರು. ಚೇರ್ಮನ್ ಸಾಹೇಬರು ಮೈಕಿನ ಮುಂದೆ ಬಂದು, ಪ್ರಾಜಕ್ತಾ ಮೇಡಂ ಬರೆದುಕೊಟ್ಟ ಕನ್ನಡವನ್ನು ಓದತೊಡಗಿದರು. "ಈ ಮಣ್ಣಿಗೆ ನಾವು ಕೊಡುವುದೇ ಹೊರತು, ಈ ಮಣ್ಣನ್ನು ಕೆಡಿಸುವುದಿಲ್ಲ..."

ಹುಲ್ಲುಹಾಸಿನ ಮೂಲೆಯ ಮೋರಿಯ ಜಾಳಿಗೆಯಿಂದ 'ಗುಳುಗುಳು' ಎಂದಿತು. ಮೊದಲು ವಾಸನೆ ಬಂತು. ಜನ ಒಬ್ಬರನ್ನೊಬ್ಬರು ಅನುಮಾನದಿಂದ ನೋಡಿಕೊಂಡರು. ಆಮೇಲೆ ಸೋಫಾದ ಕೆಳಗಿನಿಂದ ಕಪ್ಪು ನೀರು ಬಂತು. ಸಾಹೇಬರು ಎಡಗಾಲು ಎತ್ತಿ ಒಂದು ವಾಕ್ಯ, ಬಲಗಾಲು ಎತ್ತಿ ಒಂದು ವಾಕ್ಯ ಓದಿದರು. "ನಮ್ಮ ಕಾರ್ಖಾನೆಯಿಂದ ಒಂದು ಹನಿಯೂ ಹೊರಗೆ ಹೋಗುವುದಿಲ್ಲ" ಎಂಬಲ್ಲಿಗೆ ಬಂದಾಗ ಎರಡೂ ಕಾಲು ಮುಳುಗಿದ್ದವು. ಪೆಂಗ್ವಿನ್‌ಗಳು ಒಂದೊಂದಾಗಿ ಎದ್ದು ತೇಲುತ್ತ ಗೇಟಿನ ಕಡೆ ಹೊರಟವು. ಅವುಗಳ ಹಿಂದೆ ಅತಿಥಿಗಳು.

ಫೋಟೋ ತೆಗೆಯುವ ಶುಭಮ ಓಡಿಹೋಗಿ ಪೈಪು ನೋಡಿ ಬಂದ. "ಶಾಲು ಕಟ್ಯಾರ ಸರ್! ನಮ್ಮವ ಶಾಲು!"

ಮ್ಯಾನೇಜರು ಕೆಂಡವಾದರು. "ಫೌಜದಾರ್ ಸಾಹೇಬ, ಇಸಕೋ ಅರೆಸ್ಟ್ ಕರೋ! ಹಮಾರಾ ಪೈಪ್ ಬಂದ್ ಕಿಯಾ!"

ಭಾವುಸಾಹೇಬ ಜೇಬಿನಿಂದ ಕರಪತ್ರ ತೆಗೆದು ಮುಂದೆ ಹಿಡಿದ. "ನೀವ ಬರದಿದ್ರಿ ಸಾಹೇಬ್ರ. ಎಲ್ಲಿಂದ ಬರತೈತಿ ಅಲ್ಲೇ ಶುದ್ಧ ಮಾಡ್ರಿ ಅಂತ. ನಾ ಮಾಡೀನ್ರಿ. ಏನರ ತಪ್ಪಾತೇನ್ರಿ?"

ಫೌಜದಾರರು ಬೂಟಿನ ನೀರು ಚೆಲ್ಲಿ, ಪಂಚನಾಮೆಯ ಹಾಳೆಯನ್ನು ತೊಡೆಯ ಮೇಲಿಟ್ಟುಕೊಂಡರು. "ಬರಿಯೂಣ್ರಿ. ಯಾವ ಪೈಪು?"

"ಹಿಂದಿನ ಗೋಡೆ ಪೈಪ್."

"ಎಲ್ಲಿಗೆ ಹೋಗತೈತಿ?"

ಮ್ಯಾನೇಜರು ತಮ್ಮ ಸಾಹೇಬರ ಕಡೆ ತಿರುಗಿದರು. ಚೇರ್ಮನ್ ಸಾಹೇಬರು ಕಾಲುಚೀಲ ಹಿಂಡುತ್ತ ಅವರನ್ನು ದುರುಗುಟ್ಟಿ ನೋಡಿದರು.

"ಅಲ್ರಿ, ಹನಿ ನೀರೂ ಹೊರಗ ಹೋಗೂದಿಲ್ಲಂತ ಗೇಟಿಗೆ ಬರದೀರಿ. ಸರಕಾರಕ್ಕೂ ಹಂಗ ಬರದ ಕೊಟ್ಟೀರಿ. ಅಂದ್ರ ಪೈಪ ಇಲ್ಲ. ಇಲ್ಲದ ಪೈಪಿಗೆ ಶಾಲು ಕಟ್ಟೂದು ಯಾವ ಕಾಯ್ದೆ ಕಲಮಿನ್ಯಾಗ ಬರತೈತಿ? ನನಗರ ಗೊತ್ತಿಲ್ಲಪಾ. ಪೈಪ ಐತಿ ಅಂತ ಸಹಿ ಮಾಡಿ ಕೊಡ್ರಿ, ಈಗ ಕೇಸ್ ಹಾಕತೇನಿ."

ಸಹಿ ಯಾರು ಮಾಡುತ್ತಾರೆ? ಪತ್ರಿಕೆಯವರು ನಾಲ್ವರು ಅಲ್ಲೇ ಇದ್ದರು, ಕಂಪನಿಯೇ ಕಾರು ಮಾಡಿ ಕರೆಸಿದ್ದು. ಮರುದಿನ ಇಲ್ಲದ ಪೈಪಿನ ಸುದ್ದಿ ನಾಲ್ಕೂ ಪತ್ರಿಕೆಯಲ್ಲಿ ಬಂತು. ಮೂರು ದಿನದಲ್ಲಿ ಪೈಪಿಗೆ ಒಳಗಿನಿಂದ ಸಿಮೆಂಟು ಬಿತ್ತು. ಸರಕಾರಿ ಸಾಹೇಬರು ತಪಾಸಣೆಗೆ ಬಂದಾಗ ಮಾತ್ರ ದೀಪ ಹಚ್ಚಿ ತೋರಿಸುತ್ತಿದ್ದ ನೀರು ಶುದ್ಧಿಯ ಯಂತ್ರ ಮೊದಲ ಸಲ ತಿರುಗಿತು. ಊರಿನಲ್ಲಿ ಹದಿನೈದು ದಿನ ಭಾವುಸಾಹೇಬನಿಗೆ ಬೈಗುಳ. ಕುಕ್ಕರ್ ತಪ್ಪಿಸಿದ ಪಾಪಿ ಎಂದು ಸುಜಯ ಇಂದಿಗೂ ಅವನ ಜೊತೆ ಮಾತಾಡುವುದಿಲ್ಲ.

ಪಂಪು ಹಚ್ಚಿ ಬಾವಿಯನ್ನು ಮೂರು ಸಲ ಖಾಲಿ ಮಾಡಿದೆವು. ಮಳೆಗಾಲ ಬಂದು ಹಳ್ಳ ತೊಳೆಯಿತು. ಕಾಲು ನೆಟ್ಟಗಾದ ಮಂಗಲ ಅಲ್ಲಿಯವರೆಗೂ ಕೊಡ ಹೊತ್ತಳು. ಶ್ರಾವಣದ ಒಂದು ಮುಂಜಾನೆ ಪದ್ಮವ್ವ ಹೊಸ ಅರಿವೆಯಲ್ಲಿ ನೀರು ಸೋಸಿ, ಬಿಸಿಲಿಗೆ ಹಿಡಿದು, ಕೂಗಿದ ಕೂಗಿಗೆ ನಾನು ಗೋಡೆ ಹಾರಿ ಬಂದೆ.

"ಬಂದಾವೋ ಭಾವೂ! ತಿರುಗಿ ಬಂದಾವೋ! ನೋಡಿಲ್ಲೆ, ಹೆಂಗ ಮಿಸುಗ್ಯಾಡಾಕತ್ತಾವ!"

ಅರಿವೆಯ ಮೇಲೆ ಸಾಸಿವೆಗಿಂತ ಸಣ್ಣದೊಂದು ಹುಳ ಒದ್ದಾಡುತ್ತಿತ್ತು. ಆಕೆ ಅದನ್ನು ಕೂಸಿನ ಹಾಗೆ ಬಾವಿಗಿಳಿಸಿ, ಒಂದು ತಂಬಿಗೆ ನೀರನ್ನು ನಿಲ್ಲಿಸದೆ ಗಟಗಟ ಕುಡಿದಳು. ಮಂಗಲ ಬಿಕ್ಕಿ ಅತ್ತಳು. ನನಗೂ ಕಣ್ಣು ತುಂಬಿತು, ಹೇಳಿಕೊಳ್ಳಲು ನಾಚಿಕೆಯೇನು?

ಇಷ್ಟಕ್ಕೆ ಬಿಟ್ಟರೆ ಅದು ಕಂಪನಿ ಹೇಗಾದೀತು? ಮರುವಾರ ಪ್ರಾಜಕ್ತಾ ಮೇಡಂ ಮನೆಗೆ ಬಂದರು. ಬಿಸಿಲಿನಲ್ಲಿ ಬಂದವರೆಂದು ಪದ್ಮವ್ವ ತನ್ನ ಬಾವಿಯ ನೀರು ಸೋಸಿ ಒಂದು ಲೋಟ ಮುಂದಿಟ್ಟಳು. ಮೇಡಂ ಲೋಟವನ್ನು ಮೆಲ್ಲಗೆ ಬದಿಗೆ ಸರಿಸಿ, ಚೀಲದಿಂದ ತಮ್ಮ ಬಾಟ್ಲಿ ತೆಗೆದು ಎರಡು ಗುಟುಕು ಕುಡಿದರು. ಆಮೇಲೆ ಒಂದು ಹಾಳೆ ತೆಗೆದರು. 'ಕಂಪನಿಯ ಸಮಾಜಸೇವೆಯಿಂದ ನಮ್ಮ ಬಾವಿಯ ನೀರು ಶುದ್ಧವಾಗಿದೆ. ಈ ಉಪಕಾರಕ್ಕೆ ನಮ್ಮ ಕುಟುಂಬ ಚಿರಋಣಿ.'

"ವಾರ್ಷಿಕ ವರದಿಗೆ ಬೇಕು ಕಾಕಾ. ಇಲ್ಲೆ ಒಂದ ಸಹಿ ಮಾಡ್ರಿ."

ಭಾವುಸಾಹೇಬ ಪೆನ್ನು ತೆಗೆದುಕೊಂಡ. ನಾನೂ ಮಂಗಲಳೂ ಹಾಳೆಯತ್ತ ಬಾಗಿದೆವು. ಅವನು ಹಾಳೆಯನ್ನು ಎರಡು ಸಲ ಓದಿದ, ಸರಿಸಿಟ್ಟ ಲೋಟವನ್ನು ನೋಡಿದ.

"ಮೇಡಂ, ತಪ್ಪ ತಿಳೀಬ್ಯಾಡ್ರಿ. ವರ್ಷಗಟ್ಟಲೆ ನೀವು ನನ್ನ ಕಾಲ ಮ್ಯಾಲ ಕಾಲಿಟ್ಟ ನಿಂತಿದ್ರಿ. ಈಗ ತಗದೀರಿ. ಅದಕ್ಕ ನಿಮ್ಮ ಉಪಕಾರ ಆತು ಅಂತ ನಾ ಬರದ ಕೊಡಬೇಕೇನ್ರಿ?"

ಮೇಡಂ ಬಾಟ್ಲಿಯ ಮುಚ್ಚಳ ತಿರುಗಿಸುತ್ತ ಕುಳಿತರು. ಪೆನ್ನು ತಿರುಗಿ ಕೊಡುವಾಗಲೂ ಭಾವುಸಾಹೇಬ ಕೈ ಮುಗಿದ. ಸಹಿ ಮಾತ್ರ ಮಾಡಲಿಲ್ಲ.